ಕಟ್ಟದ ನೌಕೆಗೆ ಕೊಟ್ಟ ಹಣ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಸೀಮೆಯಲ್ಲಿ ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಾಫಿ ತೋಟಗಳು ಬೆಳ್ಳಗೆ ಅರಳಿ ನಿಲ್ಲುತ್ತವೆ. ಆ ಹೂವು ಕಾಯಾಗಿ, ಹಣ್ಣಾಗಿ, ಕಣದಲ್ಲಿ ಒಣಗಿ ಮೂಟೆ ಸೇರಲು ಇನ್ನೂ ಅನೇಕ ತಿಂಗಳುಗಳು ಬೇಕು. ಗೊಬ್ಬರದ ಬೆಲೆಯಾಗಲಿ ಆಳುಗಳ ಕೂಲಿಯಾಗಲಿ ಅಲ್ಲಿಯವರೆಗೆ ಕಾಯುವುದಿಲ್ಲ. ಆಗ ಬೆಳೆಗಾರನು ಬರಲಿರುವ ಫಸಲನ್ನು ತೋರಿಸಿ ವ್ಯಾಪಾರಿಯಿಂದ ಮುಂಗಡ ಪಡೆಯುವುದುಂಟು. ಇನ್ನೂ ಕೈಗೆ ಬಾರದ ವಸ್ತುವಿಗೆ ಹಣ ಕೊಡುವ ಈ ವ್ಯವಹಾರದಲ್ಲಿ ವ್ಯಾಪಾರಿಗೆ ಒಂದು ಧೈರ್ಯವಿದೆ. ಗಿಡವು ಕಣ್ಣೆದುರಿಗೇ ನಿಂತಿದೆ. ಕಾಯಿ ಎಷ್ಟು ಕಚ್ಚಿದೆಯೆಂಬುದನ್ನು ಅವನು ತೋಟದೊಳಗೆ ನಡೆದು ನೋಡಬಲ್ಲನು.

ಗಿಡವೇ ಇಲ್ಲದೆಡೆಯಲ್ಲಿಯೂ ಇಂತಹ ಮುಂಗಡವು ನಡೆಯುತ್ತದೆ. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬೆಂಬಲದಿಂದ ಬೆಳೆಯಿತು. ಇನ್ನೂ ಅಚ್ಚಾಗದ ಪುಸ್ತಕಗಳಿಗಾಗಿ ಓದುಗರು ಮೊದಲೇ ಹಣ ಕೊಡುತ್ತಿದ್ದರು. ಬಹಳ ಕಾಲದ ಅನಂತರ ಕನ್ನಡ ಚಲನಚಿತ್ರರಂಗವೂ ಈ ದಾರಿಯನ್ನು ಹಿಡಿಯಿತು. ನಿರ್ದೇಶಕ ಪವನ್ ಕುಮಾರ್ ಅವರು ತಮ್ಮ ‘ಲೂಸಿಯಾ’ ಚಿತ್ರಕ್ಕೆ ಬಂಡವಾಳಗಾರರು ದೊರೆಯದಿದ್ದಾಗ ಅಂತರ್ಜಾಲದ ಮೂಲಕ ಸಾಮಾನ್ಯ ಪ್ರೇಕ್ಷಕರನ್ನೇ ಕೇಳಿಕೊಂಡರು. 27 ದಿನಗಳಲ್ಲಿ ಸುಮಾರು 110 ಮಂದಿಯಿಂದ 51 ಲಕ್ಷ ರೂಪಾಯಿಗಳು ಕೂಡಿಬಂದವು. 2013ರ ಜುಲೈ ತಿಂಗಳಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನು ಪಡೆದ ಆ ಚಿತ್ರವು ಅದೇ ಸೆಪ್ಟೆಂಬರಿನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಿತು. ಕೂಡಿದ ಹಣಕ್ಕೆ ಮಿತಿಯಿದ್ದುದರಿಂದ ಕೆಲಸಕ್ಕೂ ಮಿತಿಯಿದ್ದಿತು.

ಲೂಸಿಯಾಕ್ಕೆ ಹಣ ಕೂಡುತ್ತಿದ್ದ 2012ರಲ್ಲಿಯೇ ಅಮೆರಿಕದಲ್ಲಿ ಇದೇ ಬಗೆಯ ಇನ್ನೊಂದು ಯಾಚನೆಯು ಮೊದಲಾಯಿತು. ‘ವಿಂಗ್ ಕಮಾಂಡರ್’ ಎಂಬ ಪ್ರಸಿದ್ಧ ಗಣಕಯಂತ್ರದ ಆಟವನ್ನು 1990ರಲ್ಲಿ ರಚಿಸಿದ್ದ ಕ್ರಿಸ್ ರಾಬರ್ಟ್ಸ್ ಎಂಬವರು ‘ಸ್ಟಾರ್ ಸಿಟಿಜನ್’ ಎಂಬ ಹೊಸ ಆಟದ ಯೋಜನೆಯನ್ನು ಪ್ರಕಟಿಸಿದರು. ಅಂತರಿಕ್ಷದ ವಿಶಾಲ ಜಗತ್ತು. ಅದರಲ್ಲಿ ಸಾವಿರಾರು ಆಟಗಾರರು ತಮ್ಮ ತಮ್ಮ ನೌಕೆಗಳಲ್ಲಿ ಸಂಚರಿಸುವರು, ವ್ಯಾಪಾರ ಮಾಡುವರು, ಕಾದಾಡುವರು. ಆ ವರ್ಷದ ನವೆಂಬರಿನೊಳಗೆ ಜನರು 62 ಲಕ್ಷ ಡಾಲರಿಗೂ ಹೆಚ್ಚು ಹಣವನ್ನಿತ್ತರು. ಆಟವು 2014ರಲ್ಲಿ ಸಿದ್ಧವಾಗುವುದೆಂದು ಹೇಳಲಾಗಿತ್ತು.

ಹಣ ಕೂಡಿಸಲು ಸಂಸ್ಥೆಯು ಕಂಡುಕೊಂಡ ಉಪಾಯವೇ ನೌಕೆಗಳ ಮಾರಾಟ. ಈ ನೌಕೆಗಳಲ್ಲಿ ಕಬ್ಬಿಣವಿಲ್ಲ, ಮರವಿಲ್ಲ. ಇವು ಗಣಕಯಂತ್ರದ ಪರದೆಯ ಮೇಲೆ ಮಾತ್ರ ಇರುವಂಥವು. ಕೆಲವು ನೌಕೆಗಳು ಮಾರಾಟವಾದಾಗ ಬರಿಯ ಚಿತ್ರಗಳಾಗಿದ್ದು, ಆಟದೊಳಗೆ ಇನ್ನೂ ಬಂದೇ ಇರಲಿಲ್ಲ. 2014ರಲ್ಲಿ ‘ಜಾವೆಲಿನ್’ ಎಂಬ ಯುದ್ಧನೌಕೆಯನ್ನು ತಲಾ 2,500 ಡಾಲರಿನಂತೆ ಮಾರಿದರು. 2018ರಲ್ಲಿ ಬಹುತೇಕ ಎಲ್ಲ ನೌಕೆಗಳನ್ನೂ ಒಟ್ಟುಗೂಡಿಸಿದ ಕಟ್ಟೊಂದಕ್ಕೆ 27,000 ಡಾಲರ್, 2024ರಲ್ಲಿ ಅಂತಹುದೇ ಇನ್ನೊಂದಕ್ಕೆ 48,000 ಡಾಲರ್ ಬೆಲೆಯಿಟ್ಟರು. ಎರಡನೆಯದು ನಮ್ಮ ಲೆಕ್ಕದಲ್ಲಿ ಸುಮಾರು 40 ಲಕ್ಷ ರೂಪಾಯಿ. ಲೂಸಿಯಾ ಚಿತ್ರಕ್ಕೆ 110 ಮಂದಿ ಸೇರಿ ಕೊಟ್ಟುದು ಇದಕ್ಕಿಂತ ಬಹಳ ಹೆಚ್ಚೇನಲ್ಲ!

ಇಷ್ಟು ಹಣವನ್ನು ಜನರೇಕೆ ಕೊಡುವರು? ಅವರನ್ನು ಮೂರ್ಖರೆಂದು ನಕ್ಕುಬಿಡುವುದು ಸುಲಭ. ಆದರೆ ನಮ್ಮ ಊರುಗಳಲ್ಲಿಯೇ ವಾಹನಕ್ಕೆ ಮೆಚ್ಚಿನ ಸಂಖ್ಯೆಯೊಂದು ಬೇಕೆಂದು ಹರಾಜಿನಲ್ಲಿ ಲಕ್ಷಗಟ್ಟಲೆ ಕೂಗುವವರಿಲ್ಲವೇ? ಆ ಸಂಖ್ಯೆಯಿಂದ ವಾಹನವು ವೇಗವಾಗಿ ಓಡುವುದಿಲ್ಲ. ನೋಡಿದವರು ಗುರುತಿಸುತ್ತಾರೆ, ಅಷ್ಟೆ. ದೊಡ್ಡ ನೌಕೆಯೂ ಆಟಗಾರರ ನಡುವೆ ಅಂತಹುದೇ ಹಿರಿಮೆಯನ್ನು ತರುತ್ತದೆ. ಚಿಕ್ಕಂದಿನಲ್ಲಿ ಕಂಡ ಅಂತರಿಕ್ಷದ ಕನಸು ನನಸಾಗಲಿ ಎಂದು ಪ್ರೀತಿಯಿಂದ ಕೊಟ್ಟವರೂ ಹಲವರು. ಒಮ್ಮೆ ರಚಿಸಿದ ನೌಕೆಯನ್ನು ಎಷ್ಟು ಮಂದಿಗೆ ಬೇಕಾದರೂ ಮಾರಬಹುದು. ಅದಕ್ಕೆ ಹೊಸದಾಗಿ ತಗಡು ತರಬೇಕಾಗಿಲ್ಲ. ಹೀಗಿರಲು ‘ಇಷ್ಟೇ ನೌಕೆಗಳಿವೆ, ಇಷ್ಟೇ ದಿನ ದೊರೆಯುತ್ತವೆ’ ಎಂದು ಮಾರುವವರು ತಾವೇ ಕೊರತೆಯನ್ನು ಉಂಟುಮಾಡಬೇಕಾಗುತ್ತದೆ.

ಸಂಸ್ಥೆಯು ಇದನ್ನು ಮಾರಾಟವೆನ್ನದೆ ವಾಗ್ದಾನವೆಂದು ಕರೆಯುತ್ತದೆ. ಹಣ ಕೊಟ್ಟವನಿಗೆ ಸಿಗುವುದು ಬಳಸುವ ಅನುಮತಿಯೇ ಹೊರತು ಒಡೆತನವಲ್ಲ. ಆಟವನ್ನು ನಡೆಸುವ ಯಂತ್ರಗಳು ನಿಂತುಹೋದರೆ ನೌಕೆಯೂ ಇಲ್ಲವಾಗುತ್ತದೆ. ಹಾಗೆಂದು ಇದನ್ನು ಬರಿಯ ವಂಚನೆಯೆಂದು ಹೇಳುವಂತಿಲ್ಲ. ನೂರಾರು ಮಂದಿ ಕೆಲಸಗಾರರು ಆಟವನ್ನು ಕಟ್ಟುತ್ತಲೇ ಬಂದಿದ್ದಾರೆ. ಅಪೂರ್ಣ ಸ್ಥಿತಿಯಲ್ಲಿಯೇ ಅದನ್ನು ಆಡಿ ಸಂತೋಷಪಟ್ಟವರಿದ್ದಾರೆ. ಹಲವು ನೌಕೆಗಳನ್ನು ಆಟದೊಳಗೆ ದುಡಿದೇ ಸಂಪಾದಿಸಬಹುದು.

ತೊಡಕಿರುವುದು ಬೇರೆಡೆಯಲ್ಲಿ. ಬೆಳೆಗಾರನು ಕಾಫಿಯನ್ನು ತೂಕಮಾಡಿ ಕೊಟ್ಟ ಹೊರತು ಅವನ ಮುಂಗಡದ ಲೆಕ್ಕವು ತೀರದು. ಇಲ್ಲಿಯಾದರೋ ಕೆಲಸವು ಮುಗಿಯುವ ಮುನ್ನವೇ ಆದಾಯವು ಬರುತ್ತಿರುತ್ತದೆ. ಹಣವು ಹೆಚ್ಚಿದಂತೆಲ್ಲ ಯೋಜನೆಯು ಹಿಗ್ಗುತ್ತದೆ. ಯೋಜನೆಯು ಹಿಗ್ಗಿದಂತೆಲ್ಲ ಮತ್ತಷ್ಟು ಹಣ ಬೇಕಾಗುತ್ತದೆ. ಮುಗಿಸಬೇಕೆಂಬ ಒತ್ತಾಯವು ಎಲ್ಲಿಂದ ಬರಬೇಕು? 2022ರ ವೇಳೆಗೆ ಕೂಡಿದ ಹಣವು 50 ಕೋಟಿ ಡಾಲರನ್ನು ದಾಟಿತು. ಅದೇ ಯೋಜನೆಯ ಅಂಗವಾದ ‘ಸ್ಕ್ವಾಡ್ರನ್ 42’ ಎಂಬ ಕಥಾರೂಪದ ಆಟವು 2026ರಲ್ಲಿ ಹೊರಬರುವುದೆಂದು 2024ರ ಅಕ್ಟೋಬರಿನಲ್ಲಿ ಸಾರಲಾಯಿತು. ಮೊಟ್ಟಮೊದಲು ಕೊಟ್ಟಿದ್ದ ಗಡುವು 2014 ಆಗಿತ್ತು. ಆ ನಡುವಣ ಹತ್ತು ವರ್ಷಗಳಲ್ಲಿ ನೌಕೆಗಳ ಮಾರಾಟವು ನಿಂತಿರಲಿಲ್ಲ.