ಮಂಡಿಯ ಗ್ರೀಸ್ ಖಾಲಿಯಂತೆ!

ಮದುವೆಮನೆಯಲ್ಲಿ ಐವತ್ತು ದಾಟಿದ ನಾಲ್ವರು ಕುರ್ಚಿ ಎಳೆದುಕೊಂಡು ಕೂತರೆ ಸಾಕು, ಎರಡನೇ ಮಾತಿಗೆ ಮಂಡಿ ಬರುತ್ತದೆ, ಮೂರನೆಯದಕ್ಕೆ ಗ್ರೀಸ್. "ಗ್ರೀಸ್ ಖಾಲಿಯಾಗಿದೆ ಕಣ್ರೀ, ಡಾಕ್ಟ್ರೇ ಹೇಳಿದ್ರು." ಹಿಂದೆಯೇ ಪರಿಹಾರಗಳ ಮೆರವಣಿಗೆ. ರಾತ್ರಿ ಬೆಂಡೆಕಾಯಿ ನೆನೆಹಾಕಿ ಬೆಳಿಗ್ಗೆ ಆ ಲೋಳೆ ಕುಡಿಯಬೇಕಂತೆ. ಬೆಂಡೆಯ ಲೋಳೆಯೂ ಕೀಲಿನ ಲೋಳೆಯೂ ನೋಡಲು ಒಂದೇ ಥರ ಎಂಬುದಷ್ಟೇ ಇದರ ಹಿಂದಿರುವ ವಿಜ್ಞಾನ. ಹೊಟ್ಟೆಗೆ ಹೋದದ್ದು ಮಂಡಿಗೆ ಇಳಿಯುವುದು ಯಾವ ದಾರಿಯಲ್ಲಿ ಎಂದು ಯಾರೂ ಕೇಳುವುದಿಲ್ಲ.

ಖಾಲಿಯಾಗಲು ಅಲ್ಲಿದ್ದದ್ದಾದರೂ ಎಷ್ಟು? ಆರೋಗ್ಯವಾಗಿರುವ ಮಂಡಿಯಲ್ಲಿ ಕೀಲುದ್ರವ ಸಾಮಾನ್ಯವಾಗಿ ಒಂದು ಟೀ ಚಮಚದಷ್ಟೂ ಇರುವುದಿಲ್ಲ. ಆಸ್ಟಿಯೋಆರ್ಥ್ರೈಟಿಸ್ ಎಂಬ ಸಂಧಿವಾತ ಬಂದ ಮಂಡಿಯಲ್ಲಿ ಅದು ಎಷ್ಟೋ ಸಲ ಹೆಚ್ಚಾಗುತ್ತದೆ. "ಮಂಡಿಯಲ್ಲಿ ನೀರು ತುಂಬಿದೆ" ಎಂದು ಸಿರಿಂಜ್ ಹಾಕಿ ತೆಗೆಸಿಕೊಳ್ಳುವುದು ಇದನ್ನೇ. ಗ್ರೀಸ್ ಖಾಲಿ ಎಂದವರೇ ಮುಂದಿನ ತಿಂಗಳು ನೀರು ತುಂಬಿದೆ ಎನ್ನುತ್ತಾರೆ. ದ್ರವದ ಜಿಗುಟು ಕಡಿಮೆಯಾಗುವುದು ನಿಜ, ಆದರೆ ಅದು ಕಾಯಿಲೆ ಹಿಡಿದ ಮೇಲಿನ ಮಾತು.

ಮಂಡಿಯನ್ನು ಬೈಕಿನ ಚೈನ್ ಎಂದುಕೊಂಡದ್ದರಿಂದ ಬಂದ ಫಜೀತಿ ಇದು. ಉಜ್ಜಿದರೆ ಸವೆಯುತ್ತದೆ, ಸವೆದದ್ದು ಮುಗಿಯಿತು, ಆದ್ದರಿಂದ ಕಡಿಮೆ ಬಳಸಬೇಕು ಎಂಬ ಲೆಕ್ಕ. ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿ ಜಡ ವಸ್ತುವಲ್ಲ. ಅದರೊಳಗೆ ಜೀವಕೋಶಗಳಿವೆ, ಅವಕ್ಕೆ ಒತ್ತಡ ಗೊತ್ತಾಗುತ್ತದೆ. ಒತ್ತಡ ಅಡ್ಡಾದಿಡ್ಡಿಯಾದಾಗ ತಾವೇ ಕಿಣ್ವಗಳನ್ನು ಬಿಟ್ಟು ಸುತ್ತಲಿನ ಮೃದ್ವಸ್ಥಿಯನ್ನು ಕತ್ತರಿಸತೊಡಗುತ್ತವೆ.

2005ರಲ್ಲಿ ಸೋನ್ಯಾ ಗ್ಲಾಸನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಇಲಿಗಳ ಮಂಡಿಯನ್ನು ಶಸ್ತ್ರಚಿಕಿತ್ಸೆಯಿಂದ ಸಡಿಲ ಮಾಡಿ ಓಡಾಡಲು ಬಿಟ್ಟರು. ಮಾಮೂಲಿ ಇಲಿಗಳ ಮೃದ್ವಸ್ಥಿ ಹಾಳಾಯಿತು. ಅಡಾಮ್‌ಟಿಎಸ್-5 ಎಂಬ ಒಂದೇ ಒಂದು ಕಿಣ್ವ ಕೆಲಸ ಮಾಡದಂತೆ ತಳಿ ಬದಲಿಸಿದ ಇಲಿಗಳಲ್ಲಿ ಹಾನಿ ತೀರಾ ಕಡಿಮೆ. ಅದೇ ಸಡಿಲ ಮಂಡಿ, ಅದೇ ಓಡಾಟ. ಬರೀ ಉಜ್ಜಾಟವೇ ಕಾರಣವಾಗಿದ್ದರೆ ಎರಡೂ ಒಂದೇ ಸಮ ಸವೆಯಬೇಕಿತ್ತಲ್ಲ? ಇಂಥ ಪ್ರಯೋಗಗಳಲ್ಲಿ ಮೃದ್ವಸ್ಥಿಯ ತೆಳು ಪದರಕ್ಕೆ ಸ್ಯಾಫ್ರನಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಗಟ್ಟಿಯಾಗಿರುವ ಕಡೆ ಗಾಢ ಕೆಂಪು. ಕಿಣ್ವ ಕೈಯಾಡಿಸಿದ ಕಡೆ, ಮೇಲ್ಮೈ ಇನ್ನೂ ನುಣುಪಾಗಿರುವಾಗಲೇ, ಕೆಂಪು ಮಾಸಿ ಬಿಳುಚಿಕೊಂಡಿರುತ್ತದೆ.

ಬ್ರಿಟನ್ನಿನ ಕೆನಡಿ ಸಂಧಿವಾತ ಸಂಸ್ಥೆಯ ಟೋನಿಯಾ ವಿನ್ಸೆಂಟ್ ಅವರ ತಂಡ 2012ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಡಿಲ ಮಾಡಿದ ಮಂಡಿಯನ್ನು ಅಲುಗದಂತೆ ಮಾಡಿದಾಗ ಆ ಕಿಣ್ವಗಳ ಉತ್ಪಾದನೆಯೇ ತಗ್ಗಿತು, ಕಾಯಿಲೆ ಬರಲಿಲ್ಲ. "ನೋಡಿ, ನಾವು ಹೇಳಲಿಲ್ವೇ, ನಡೀಬಾರ್ದು!" ಎನ್ನುವವರು ಸ್ವಲ್ಪ ತಡೆಯಿರಿ. ಅದು ಲಿಗಮೆಂಟ್ ಕತ್ತರಿಸಿದ ಇಲಿಯ ಮಂಡಿ, ನಿಮ್ಮದಲ್ಲ. ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ನಡೆದಾಗ ಒತ್ತಿ, ಬಿಟ್ಟು ಆಗುವ ದ್ರವದ ಸಂಚಾರದಿಂದಲೇ ಅದರ ಊಟ. ಮಂಚ ಹಿಡಿದರೆ ತೊಡೆಯ ಸ್ನಾಯು ಸೊರಗುತ್ತದೆ, ಭಾರವೆಲ್ಲ ಮತ್ತೆ ಅದೇ ಮಂಡಿಯ ತಲೆಗೆ.

ಓಡುವವರ ಕೀಲು ಬೇಗ ಹೋಗುತ್ತದೆ ಎನ್ನುವವರಿಗೆ 2017ರ ಒಂದು ಸಮಗ್ರ ವಿಶ್ಲೇಷಣೆ ಉತ್ತರ ಕೊಟ್ಟಿದೆ. ಸೊಂಟ ಅಥವಾ ಮಂಡಿಯ ಆಸ್ಟಿಯೋಆರ್ಥ್ರೈಟಿಸ್ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5, ಓಡದೆ ಕೂತವರಲ್ಲಿ ಶೇ. 10.2. ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಶೇ. 13.3. ಇನ್ನು ತೂಕ. ಅದೂ ಬರೀ ಭಾರದ ಮಾತಲ್ಲ. ಬೊಜ್ಜಿರುವವರಿಗೆ ಕೈಬೆರಳ ಗೆಣ್ಣುಗಳಲ್ಲೂ ಈ ಕಾಯಿಲೆ ಹೆಚ್ಚು. ಬೆರಳ ಮೇಲೆ ನಡೆಯುವವರು ಯಾರು ಸ್ವಾಮಿ?

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ಬೆರಳು ನೆಟಿಕೆ ತೆಗೆದರೆ ಸಂಧಿವಾತ ಬರುವುದಿಲ್ಲ; ಡೊನಾಲ್ಡ್ ಅಂಗರ್ ಎಂಬ ಅಮೆರಿಕದ ವೈದ್ಯ ಅರವತ್ತಕ್ಕೂ ಹೆಚ್ಚು ವರ್ಷ ಒಂದೇ ಕೈಯ ನೆಟಿಕೆ ತೆಗೆದು, ಎರಡೂ ಕೈ ಹೋಲಿಸಿ ನೋಡಿ, 2009ರ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಪಡೆದ. ಕ್ಯಾಲ್ಸಿಯಂ ಮಾತ್ರೆ ಮೂಳೆಗೆ, ಮೃದ್ವಸ್ಥಿಗಲ್ಲ. ಸ್ಕ್ಯಾನ್ ವರದಿ ನೋಡಿ ಎದೆ ಒಡೆದುಕೊಳ್ಳಬೇಡಿ: ಎಕ್ಸ್‌ರೇಯಲ್ಲಿ ಏನೂ ಕಾಣದ, ಐವತ್ತು ದಾಟಿದ 710 ಮಂದಿಯ ಮಂಡಿಗೆ ಎಂಆರ್‌ಐ ಮಾಡಿದಾಗ ಶೇ. 89 ಜನರಲ್ಲಿ ಒಂದಲ್ಲ ಒಂದು ದೋಷ ಸಿಕ್ಕಿತು, ನೋವಿಲ್ಲದವರಲ್ಲೂ.

ಬೆಂಡೆ ಲೋಳೆಯನ್ನು ನಂಬುವವರನ್ನು ನೋಡಿ ನಗುವ ವಿದ್ಯಾವಂತರು ಮಂಡಿಗೆ ಜೆಲ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಅದೂ ಗ್ರೀಸ್ ನಂಬಿಕೆಯೇ, ಬಿಲ್ ಮಾತ್ರ ದೊಡ್ಡದು. 2022ರಲ್ಲಿ 'ಬಿಎಂಜೆ' ಪತ್ರಿಕೆ 169 ಪ್ರಯೋಗಗಳ ಪರಿಶೀಲನೆಯನ್ನು ಪ್ರಕಟಿಸಿತು: ನೋವು ಇಳಿಯುವುದು ರೋಗಿಗೆ ಲೆಕ್ಕಕ್ಕೆ ಬರದಷ್ಟು. ಇತ್ತ ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಸುಮಾರು ಐದು ಕಿಲೋ ಇಳಿಸಿದ ಹೆಂಗಸರಲ್ಲಿ ಮಂಡಿನೋವಿನ ಈ ಕಾಯಿಲೆಯ ಸಂಭವ ಅರ್ಧಕ್ಕಿಂತ ಹೆಚ್ಚು ತಗ್ಗಿದ್ದು 1992ರಲ್ಲೇ ಪ್ರಕಟವಾಗಿದೆ. ತೂಕ ಇಳಿಸಿ, ತೊಡೆಗೆ ವ್ಯಾಯಾಮ ಮಾಡಿ ಎಂದು ಹೇಳಿ ಕಳಿಸುವ ಡಾಕ್ಟರಿಗೆ ಮಾತ್ರ "ಏನೂ ಔಷಧಿನೇ ಕೊಡಲಿಲ್ಲ" ಎಂಬ ಹೆಸರು. ಅವರ ಹತ್ತಿರ ಎರಡನೇ ಸಲ ಯಾರೂ ಹೋಗುವುದಿಲ್ಲ.