ಪೆಟ್ಟಿಗೆ ನೋಡಿ ಮರುಳಾಗಬೇಡಿ!

ಸರಕು ತರಲು ಹೈದರಾಬಾದಿಗೆ ಹೋಗುವ ಡಾಬಕಾ, ಔರಾದ ಕಡೆಯ ಅಂಗಡಿಕಾರರಲ್ಲಿ ಹಾಡಿನ ಗೀಳಿನವರಿದ್ದರೆ ಅವರಿಗೊಂದು ಮಾತು. ಅಲ್ಲಿಯ ಜುಮೇರಾತ್ ಬಜಾರಿನಂಥ ಹಳೇ ಸಾಮಾನಿನ ಸಂತೆಯಲ್ಲಿ ಗ್ರಾಮಫೋನ್ ರೆಕಾರ್ಡು ಕಂಡ ಕೂಡಲೇ ಕೈ ಜೇಬಿಗೆ ಹೋಗಬಾರದು.

78 ಸುತ್ತಿನ ರೆಕಾರ್ಡು ಅರಗಿನದು, ಕೈ ಜಾರಿತೋ ಚೂರು. ಒಂದು ಮಗ್ಗುಲಿಗೆ ಮೂರೇ ನಿಮಿಷದ ಹಾಡು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ದನಿ ಇಂಥವುಗಳಲ್ಲೇ ಬಂತು. ಲೇಬಲ್ಲಿನ ಮೇಲೆ ಮಾತ್ರ ‘ಗಾಂಧಾರಿ’ ಹಾನಗಲ್. ಇದು ಗೊತ್ತಿಲ್ಲದವ ಕಣ್ಣೆದುರಿನ ಬಂಗಾರ ಬಿಟ್ಟು ಬಂದಾನು!

ಕೈಯಲ್ಲಿ ದುಡ್ಡು ಕಮ್ಮಿಯಿದ್ದವರಿಗೆ ಬಿಡಿ ಎಲ್.ಪಿ.ಯೇ ಲೇಸು. ಮಗ್ಗುಲಿಗೆ ಸುಮಾರು 20 ನಿಮಿಷ ಹಾಡುತ್ತದೆ. ಜಾಝಿನದೋ ಖಯಾಲಿನದೋ ಇಡೀ ಪೆಟ್ಟಿಗೆ ಸಿಕ್ಕರೆ ಮೊದಲು ಒಳಗಿನದನ್ನು ಎಣಿಸಬೇಕು. ಒಂದು ಕಮ್ಮಿಯಿದ್ದರೂ ಪೂರಾ ದರ ಯಾಕೆ ಕೊಡಬೇಕು? ಒಂದೊಂದನ್ನೂ ಓರೆಯಾಗಿ ಬೆಳಕಿಗೆ ಹಿಡಿದರೆ ಗೀರು ತಾನೇ ಕಾಣುತ್ತದೆ.

ದುಡ್ಡು ಮುಳುಗುವುದು ಹೆಚ್ಚಾಗಿ ಮನೆಗೆ ಬಂದ ಮೇಲೆ. ಚಾವಿ ಕೊಡುವ ಹಳೇ ಗ್ರಾಮಫೋನಿನ ಉಕ್ಕಿನ ಸೂಜಿಗೆ ಎಲ್.ಪಿ. ಕೊಟ್ಟರೆ ಒಂದೇ ಸಲಕ್ಕೆ ಕೆಟ್ಟಿತು. ಬಸ್ಸಿನಲ್ಲೂ ಅಷ್ಟೇ, ಬಿಸಿಲು ಬೀಳುವ ಕಿಟಕಿ ಬಿಟ್ಟು ಕೂತರೆ ಚಲೋ. ಎಲ್.ಪಿ. ಸೊಟ್ಟಗಾಗಲು ಬೀದರ ದಾರಿಯ ಬಿಸಿಲು ಸಾಕು.