ಎಷ್ಟು ಚುಕ್ಕಿಯ ಪರದೆ?

ನನ್ನ 22 ಇಂಚಿನ ಹಳೆಯ ಮಾನಿಟರ್ ಕೈಕೊಟ್ಟಾಗ 27 ಇಂಚಿನದೊಂದನ್ನು ಮನೆಗೆ ತಂದೆ. ರಿಯಾಯಿತಿ ಇತ್ತು, ಅಂಗಡಿಯಲ್ಲಿ ಅದರ ಮೇಲೆ ಓಡುತ್ತಿದ್ದ ಹೂವು-ಹಕ್ಕಿಗಳ ವಿಡಿಯೊ ಸೊಗಸಾಗಿತ್ತು. ಮನೆಯಲ್ಲಿ ತಿದ್ದಬೇಕಿದ್ದ ಕರಡು ತೆರೆದೆ. ಅಕ್ಷರ ದಪ್ಪಗಾಗಿತ್ತು, ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. ಇಷ್ಟು ದಪ್ಪ ಬೇಡವೆಂದು ಹಳೆಯ ಗಾತ್ರಕ್ಕೆ ಇಳಿಸಿದರೆ ಧ, ಥ ಎರಡೂ ಒಂದೇ ಮಸಿಮುದ್ದೆ.

ತಪ್ಪು ಎಲ್ಲಾಯಿತೆಂದು ಚುಕ್ಕಿ ರಂಗೋಲಿ ಹಾಕುವವರು ಕೂಡಲೇ ಹೇಳಿಯಾರು. 15 ಚುಕ್ಕಿಯ ರಂಗೋಲಿಯನ್ನು ಹೊಸ್ತಿಲ ಮುಂದೆ ಒತ್ತಾಗಿ ಇಡಬಹುದು, ಅಂಗಳದ ತುಂಬ ಹರಡಿಯೂ ಇಡಬಹುದು. ಹರಡಿದರೆ ರಂಗೋಲಿ ದೊಡ್ಡದಾಗುತ್ತದೆಯೇ ಹೊರತು ಅದರಲ್ಲಿ ಹೊಸದೊಂದು ಎಸಳು ಮೂಡುವುದಿಲ್ಲ. ನನ್ನ ಎರಡೂ ಮಾನಿಟರ್‌ಗಳು ‘ಫುಲ್ ಎಚ್‌ಡಿ’. ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿ, ಅಂದರೆ ಪಿಕ್ಸೆಲ್. ಹಳೆಯದರಲ್ಲಿ ಇಂಚಿಗೆ 100 ಚುಕ್ಕಿ ಇದ್ದವು, ಹೊಸದರಲ್ಲಿ 82. ಹಿಂದೆ 16 ಚುಕ್ಕಿ ಎತ್ತರವಿದ್ದ ಅಕ್ಷರವನ್ನು ಅದೇ ಗಾತ್ರದಲ್ಲಿ ಬರೆಯಲು ಈಗ ಸಿಗುವುದು 13 ಚುಕ್ಕಿ ಮಾತ್ರ.

ಮೂರು ಚುಕ್ಕಿ ಹೋದರೆ ಇಂಗ್ಲಿಷಿಗೆ ಅಷ್ಟೇನೂ ನಷ್ಟವಿಲ್ಲ. ಕನ್ನಡಕ್ಕೆ ಇದೆ. ದ ಅಕ್ಷರದ ಬುಡ ಸೀಳಿದರೆ ಧ, ಅದರ ನಡುವೆ ಬೊಟ್ಟಿಟ್ಟರೆ ಥ. ಹೊಟ್ಟೆ ಸೀಳಿದರೆ ಪ ಹೋಗಿ ಷ ಆಗುತ್ತದೆ. ಚಿಕ್ಕ ಗಾತ್ರದಲ್ಲಿ ಈ ಸೀಳು, ಬೊಟ್ಟುಗಳಿಗೆ ಸಿಗುವುದು ಒಂದೋ ಎರಡೋ ಚುಕ್ಕಿ. ‘ರಾಷ್ಟ್ರ’ ಎಂದು ಬರೆದರಂತೂ ಷಕಾರದ ಕೆಳಗೆ ಎರಡು ಒತ್ತಕ್ಷರಗಳು ಇಕ್ಕಟ್ಟಿನಲ್ಲಿ ಕೂರಬೇಕು. ಕನ್ನಡ ಓದುವವರಿಗೆ ಒತ್ತಾದ ಚುಕ್ಕಿ ಶೋಕಿಯಲ್ಲ, ಅಗತ್ಯ.

ಹಾಗಾದರೆ ಎಷ್ಟು ಒತ್ತಾಗಿರಬೇಕು? ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದ ಅಂತರವನ್ನು ಗುರುತಿಸಬಲ್ಲದು. ಮೇಜಿನ ಮುಂದೆ ಕೂತಾಗ ಪರದೆ ಸುಮಾರು 60 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಲ್ಲಿಗೆ ಈ ಕೋನ 0.17 ಮಿಲಿಮೀಟರ್. ನಾನು ಕೊಂಡ ಪರದೆಯಲ್ಲಿ ಚುಕ್ಕಿಯಿಂದ ಚುಕ್ಕಿಗೆ 0.31 ಮಿಲಿಮೀಟರ್. ಕಣ್ಣಿಗೆ ಹರಕು ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಫುಲ್ ಎಚ್‌ಡಿ 24 ಇಂಚಿನಲ್ಲಿದ್ದರೆ 0.28. 27 ಇಂಚಿನಲ್ಲಿ 2560 × 1440 ಚುಕ್ಕಿ ಇದ್ದರೆ 0.23, ಇದನ್ನು ಅಂಗಡಿಯವರು ‘ಕ್ಯುಎಚ್‌ಡಿ’ ಅಥವಾ ‘2ಕೆ’ ಎನ್ನುತ್ತಾರೆ. 3840 × 2160ರ ‘4ಕೆ’ ಆದರೆ 0.16, ಕಣ್ಣಿನ ಮಿತಿಯನ್ನೇ ದಾಟಿತು. ಆದರೆ ಅಕ್ಷರದ ಅಂಚಿನ ಚುಕ್ಕಿಗಳಿಗೆ ಬೂದು ಛಾಯೆ ಕೊಟ್ಟು ಮೆಟ್ಟಿಲನ್ನು ನುಣುಪಾಗಿಸುವ ಜಾಣ್ಮೆ ಕಂಪ್ಯೂಟರಿಗಿದೆ. ಹಾಗಾಗಿ ಹೆಚ್ಚಿನವರಿಗೆ 0.23 ಸಾಕು.

ಇಂಚಿನ ಇನ್ನೊಂದು ಮರ್ಮ, ಅದು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ಪರದೆ ಅಗಲವಾದಷ್ಟೂ ಅದೇ ಇಂಚಿಗೆ ಎತ್ತರ ಕುಗ್ಗುತ್ತದೆ. ಹಿಂದೆ ಕಚೇರಿಗಳಲ್ಲಿದ್ದ 19 ಇಂಚಿನ ಚೌಕಾಕಾರದ ಮಾನಿಟರ್‌ಗೂ ಇಂದಿನ 24 ಇಂಚಿನ ಅಗಲ ಮಾನಿಟರ್‌ಗೂ ಎತ್ತರ ಒಂದೇ, ಸುಮಾರು 12 ಇಂಚು. 29 ಇಂಚಿನ ‘ಅಲ್ಟ್ರಾವೈಡ್’ ಇವೆರಡಕ್ಕಿಂತ ಗಿಡ್ಡ. ಇಂದಿನ 16:9 ಆಕಾರವೂ ಬರಹಕ್ಕಾಗಿ ಹುಟ್ಟಿದ್ದಲ್ಲ. ಹಳೆಯ ಟಿ.ವಿ.ಯ 4:3 ಮತ್ತು ಸಿನಿಮಾದ 2.35:1, ಎರಡಕ್ಕೂ ಒಗ್ಗುವ ನಡುವಿನ ಆಕಾರವೆಂದು 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಲೆಕ್ಕ ಹಾಕಿ ಸೂಚಿಸಿದ್ದು. ಲೆಕ್ಕಪತ್ರದ ಉದ್ದನೆಯ ಸಾಲುಗಳಿಗೆ, ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುವವರಿಗೆ ಅಗಲ ಉಪಕಾರಿ. ಪುಟ ಓದುವವರಿಗೆ ಬೇಕಾದದ್ದು ಎತ್ತರ. ಪರದೆಯನ್ನು ನೆಟ್ಟಗೆ ತಿರುಗಿಸಲು ಬರುವ ಸ್ಟ್ಯಾಂಡ್ ಇದ್ದರೆ 24 ಇಂಚಿನಲ್ಲೇ 21 ಇಂಚು ಎತ್ತರ ಸಿಗುತ್ತದೆ.

ಇನ್ನು ಒಳಗಿನ ಸಂಗತಿ. ಪರದೆಯ ಹಿಂದೆ ಸದಾ ಬಿಳಿ ಬೆಳಕು ಉರಿಯುತ್ತಿರುತ್ತದೆ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಬಣ್ಣದ ಮೂರು ಕಿಂಡಿಗಳು. ಫುಲ್ ಎಚ್‌ಡಿಯಲ್ಲಿ ಒಟ್ಟು 62 ಲಕ್ಷಕ್ಕೂ ಹೆಚ್ಚು. ಕಿಂಡಿಯನ್ನು ತೆರೆದು ಮುಚ್ಚುವ ಕೆಲಸ ದ್ರವಸ್ಫಟಿಕದ್ದು. ಅತ್ತ ದ್ರವವೂ ಅಲ್ಲ, ಇತ್ತ ಹರಳೂ ಅಲ್ಲ ಎಂಬಂಥ ಈ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವನು ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್. ವಿದ್ಯುತ್ ತಾಗಿದೊಡನೆ ಅದರ ಅಣುಗಳು ಹೊರಳಿ ನಿಲ್ಲುತ್ತವೆ, ಹಾದುಬರುವ ಬೆಳಕು ಹೆಚ್ಚುಕಡಿಮೆಯಾಗುತ್ತದೆ.

ಅಣುಗಳು ಹೊರಳುವ ಬಗೆಯ ಮೇಲೆ ಪರದೆಯ ಜಾತಿ ನಿಂತಿದೆ. ಹಳೆಯ ಟಿಎನ್ ಪರದೆಗಳನ್ನು ಓರೆಯಿಂದ ನೋಡಿದರೆ ಬಣ್ಣ ಕೆಡುತ್ತಿತ್ತು. ಆ ದೋಷವನ್ನು ತಗ್ಗಿಸಿದ ಕತೆಯಲ್ಲಿ ಬೆಂಗಳೂರಿಗೂ ಪಾಲಿದೆ. ದ್ರವಸ್ಫಟಿಕದ ಅಣುಗಳೆಂದರೆ ಕಡ್ಡಿಯಂತೆ ಉದ್ದ ಇರಬೇಕೆಂಬ ನಂಬಿಕೆ ಇದ್ದಾಗ, 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತಟ್ಟೆಯಂಥ ಅಣುಗಳೂ ಒಂದರ ಮೇಲೊಂದು ಪೇರಿಕೊಂಡು ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಮುಂದೆ ಜಪಾನಿನ ಫ್ಯೂಜಿಫಿಲ್ಮ್ ಇಂಥ ತಟ್ಟೆಯಣುಗಳನ್ನೇ ಸವರಿದ ತೆಳು ಹಾಳೆಯನ್ನು ತಯಾರಿಸಿತು. ಅದನ್ನು ಅಂಟಿಸಿದ ಟಿಎನ್ ಪರದೆಗಳು ಓರೆಯಿಂದಲೂ ಕಾಣತೊಡಗಿದವು. ಈಗ ಕೊಳ್ಳುವವರಿಗೆ ಓದು-ಬರಹ, ಫೋಟೊ ಕೆಲಸಕ್ಕೆ ಐಪಿಎಸ್ ಜಾತಿಯ ಪರದೆ ಒಳ್ಳೆಯದು. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ಕಪ್ಪನ್ನು ಹೆಚ್ಚು ಕಪ್ಪಾಗಿ ತೋರಿಸುವ ವಿಎ ಹಿತ.

ದುಡ್ಡು ಕಡಿಮೆ ಇದ್ದರೆ ಫುಲ್ ಎಚ್‌ಡಿ ಕೊಳ್ಳಿ, 24 ಇಂಚು ದಾಟಬೇಡಿ. ಇನ್ನಷ್ಟು ಕೂಡಿಸಬಲ್ಲಿರಾದರೆ 27 ಇಂಚಿನ ಕ್ಯುಎಚ್‌ಡಿ. 4ಕೆ ಆಸೆ ಇದ್ದವರು ಮೊದಲು ತಮ್ಮ ಕಂಪ್ಯೂಟರ್ ನೋಡಿಕೊಳ್ಳಬೇಕು. ಎಚ್‌ಡಿಎಂಐ 1.4 ಇರುವ ಹಳೆಯ ಲ್ಯಾಪ್‌ಟಾಪು 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳಿಸಬಲ್ಲದು. ಮೌಸ್ ಬಾಣ ಕುಂಟುತ್ತದೆ. ಡಬ್ಬದ ಮೇಲಿನ ಲಕ್ಷ, ಕೋಟಿಯ ‘ಡೈನಮಿಕ್ ಕಾಂಟ್ರಾಸ್ಟ್’ ಅಂಕಿಯನ್ನು ಓದದೆ ಬಿಡಿ. ಬೇರೆ ಬೇರೆ ಕ್ಷಣಗಳಲ್ಲಿ ಹಿಂಬೆಳಕನ್ನು ಏರಿಸಿ ಇಳಿಸಿ ಪಡೆದ ಲೆಕ್ಕ ಅದು. ಸಾಮಾನ್ಯ ಐಪಿಎಸ್‌ನ ಬಿಳುಪು-ಕಪ್ಪಿನ ನಿಜವಾದ ಅನುಪಾತ 1000:1ರ ಆಸುಪಾಸು.

ಮುಂದಿನ ಸಲ ನಾನು ಅಂಗಡಿಗೆ ಹೋದದ್ದು ಪೆನ್‌ಡ್ರೈವ್ ಹಿಡಿದು. ಅದರಲ್ಲಿ ಒಂದೇ ಪುಟದ ಕನ್ನಡ ಕಡತ. ಹೂವು-ಹಕ್ಕಿ ನಿಲ್ಲಿಸಿ ಇದನ್ನು ತೆರೆಯಿರಿ ಎಂದಾಗ ಹುಡುಗ ನಕ್ಕ. ಕುರ್ಚಿ ಎಳೆದು ಮಾರುದ್ದದಲ್ಲಲ್ಲ, ತೋಳಳತೆಯಲ್ಲಿ ಕೂತು, ‘ಅರ್ಥ’, ‘ಅರ್ಧ’, ‘ರಾಷ್ಟ್ರ’ ಎಂದು ಓದತೊಡಗಿದೆ. ಮೂರನೆಯ ಮಾನಿಟರ್‌ನಲ್ಲಿ ಥಕಾರದ ಹೊಟ್ಟೆಯೊಳಗಿನ ಬೊಟ್ಟು ಬಿಡಿಯಾಗಿ ಕಂಡಿತು. ಅದನ್ನೇ ಕಟ್ಟಿಕೊಡಲು ಹೇಳಿದೆ.